ಹಳೆಯ ವೀ ಕನ್ಸೋಲ್‌ನಲ್ಲಿ ಹೋಂಬ್ರೂ: ಮೊದಲ ಹಂತದಿಂದ ಕೊನೆಯವರೆಗೆ

ನಿಂಟೆಂಡೊ ವೀ ಗೇಮ್ ಕನ್ಸೋಲ್‌ಗೆ ಹೋಂಬ್ರೂ, ಅಂದರೆ ಹವ್ಯಾಸಿಗಳು ತಾವೇ ಮಾಡಿದ ಕಾರ್ಯಕ್ರಮಗಳನ್ನು, ಹಾಕಲು ಹೋಗಿ ಅರ್ಧದಲ್ಲಿ ನಿಂತವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಕಾರ್ಡ್ ಹಾಕಿದೆ, ಕೆಂಪು ಪತ್ರ ಬರಲೇ ಇಲ್ಲ." "ಪತ್ರ ಬಂತು, ಒತ್ತಿದೆ, ಪರದೆ ಗಕ್ಕನೆ ನಿಂತಿತು." "ಎಲ್ಲ ಆಯ್ತು, ಆದರೆ ಚಾನೆಲ್ ಖಾಲಿ." ಕೊನೆಗೆ, ಕೇಳಲು ಬೇಜಾರಾಗುವ ಇನ್ನೊಂದು: "ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಆನ್ ಆಗುತ್ತಿಲ್ಲ."

ಮೊದಲ ಮೂರಕ್ಕೆ ಕಾರಣ ಗಡಿಯಾರ, ಕಾರ್ಡ್, ಫೋಲ್ಡರ್ ಅಥವಾ ತಪ್ಪಾಗಿ ಆರಿಸಿದ ಪ್ರದೇಶ. ನಾಲ್ಕನೆಯದಕ್ಕೆ ಕಾರಣ ಆತುರ. ಹೋಂಬ್ರೂ ಚಾನೆಲ್ (ಆ ಕಾರ್ಯಕ್ರಮಗಳನ್ನು ಓಡಿಸುವ ಜಾಗ) ಬಂದ ತಕ್ಷಣ ಜನ ಎಮ್ಯುಲೇಟರ್, ಥೀಮ್, ಅದು ಇದು ಹಾಕಲು ಶುರು ಮಾಡುತ್ತಾರೆ. ಬ್ಯಾಕಪ್ ಆಮೇಲೆ ಮಾಡೋಣ ಅಂತ ಬಿಡುತ್ತಾರೆ. ಆ "ಆಮೇಲೆ" ಬರುವಷ್ಟರಲ್ಲಿ ಕನ್ಸೋಲ್ ಹೋಗಿರುತ್ತದೆ. ಹಾಗಾಗಿ ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಒಂದು ಮಾತು: ಫೈಲ್ ಮತ್ತು ಫೋಲ್ಡರ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಾರ್ಡಿನಲ್ಲಿ ಅವು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಬೇಕು.

## ಹಂತ 1: ನಿಮ್ಮ ಬಳಿ ಇರುವುದು ಯಾವ ವೀ?

ಕನ್ಸೋಲ್ ತಿರುಗಿಸಿ, ತಳದ ಚೀಟಿ ಓದಿ. ಆರ್‌ವಿಎಲ್-001 ಅಂತ ಇದ್ದರೆ ಅದು ಮೊದಲ ಮಾದರಿ. ಅದಕ್ಕೆ ಗೇಮ್‌ಕ್ಯೂಬ್ ಕಂಟ್ರೋಲರ್ ಚುಚ್ಚುವ ಜಾಗ ಇರುತ್ತದೆ. ಆರ್‌ವಿಎಲ್-101 ಅಂತ ಇದ್ದರೆ ಆ ಜಾಗ ಇರುವುದಿಲ್ಲ, ಉಳಿದದ್ದು ಒಂದೇ. ಈ ಎರಡಕ್ಕೂ ಈ ಮಾರ್ಗದರ್ಶಿ ಸರಿಹೋಗುತ್ತದೆ.

ಆರ್‌ವಿಎಲ್-201 ಅಂತ ಇದ್ದರೆ ಅದು ವೀ ಮಿನಿ. ಅದರಲ್ಲಿ ಎಸ್‌ಡಿ ಕಾರ್ಡ್ ಜಾಗವೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಅದಕ್ಕೆ ಬ್ಲೂಟೂತ್ ಇರುವ ಲಿನಕ್ಸ್ ಕಂಪ್ಯೂಟರ್‌ನಿಂದ ಮಾಡುವ ಬ್ಲೂಬಾಂಬ್ ಅನ್ನುವ ಬೇರೆಯೇ ದಾರಿ ಇದೆ. ವೀ ಯು ಒಳಗಿನ ವೀ ಮೋಡ್‌ಗೂ ಇದನ್ನು ಬಳಸಬೇಡಿ. ಅಲ್ಲಿ ಬೂಟ್‌ಮಿ (ಕನ್ಸೋಲ್‌ನ ಮೆಮೊರಿಯನ್ನು ಬ್ಯಾಕಪ್ ಮಾಡುವ, ವಾಪಸ್ ಬರೆಯುವ ಸಾಧನ) ಓಡುವುದೇ ಇಲ್ಲ, ಅಂದರೆ ಈ ಕ್ರಮದ ಅರ್ಧ ಭಾಗ ಅಲ್ಲಿ ಇಲ್ಲ.

ಈಗ ಕನ್ಸೋಲ್ ಆನ್ ಮಾಡಿ, ವೀ ಸೆಟ್ಟಿಂಗ್ಸ್‌ಗೆ ಹೋಗಿ. ಪರದೆಯ ಬಲ ಮೇಲ್ತುದಿಯಲ್ಲಿ 4.3ಇ, 4.3ಯು ಥರದ ಆವೃತ್ತಿ ಕಾಣುತ್ತದೆ. ಅಂಕಿ ಮತ್ತು ಅಕ್ಷರ ಎರಡನ್ನೂ ಬರೆದುಕೊಳ್ಳಿ. ಅಕ್ಷರ ಅಂದರೆ ಪ್ರದೇಶ: ಯು ಅಮೆರಿಕದ್ದು, ಇ ಯುರೋಪಿನದು, ಜೆ ಜಪಾನಿನದು, ಕೆ ಕೊರಿಯಾದ್ದು. ನೀವು ಎಲ್ಲಿ ಇದ್ದೀರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ಸೋಲ್ ಎಲ್ಲಿಗಾಗಿ ತಯಾರಾಯಿತು ಅನ್ನುವುದೇ ಲೆಕ್ಕ. ಊಹಿಸಿ ಆರಿಸಿದ ಅಕ್ಷರದಿಂದಲೇ ಎಷ್ಟೋ ಜನರ ಪರದೆ ನಿಂತುಹೋಗಿದೆ.

## ಹಂತ 2: ಬೇಕಾದ ಸಾಮಾನು

ಎಸ್‌ಡಿ ಕಾರ್ಡ್, ಅದನ್ನು ಓದುವ ಕಂಪ್ಯೂಟರ್, ವೀ ರಿಮೋಟ್, ಸೆನ್ಸರ್ ಬಾರ್. ಅಷ್ಟೇ. ಕನ್ಸೋಲ್‌ಗೆ ಇಂಟರ್‌ನೆಟ್ ಬೇಡ. ಸೆನ್ಸರ್ ಬಾರ್ ಕೆಟ್ಟಿದ್ದರೆ ಟಿವಿ ಮುಂದೆ ಸ್ವಲ್ಪ ಅಂತರ ಬಿಟ್ಟು ಎರಡು ಮೇಣದಬತ್ತಿ ಹಚ್ಚಿದರೂ ಕೆಲಸ ಆಗುತ್ತದೆ, ತಮಾಷೆಯಲ್ಲ. ಆ ಬಾರ್ ಅಂದರೆ ಎರಡು ಇನ್‌ಫ್ರಾರೆಡ್ ಬೆಳಕು, ಬೇರೇನೂ ಅಲ್ಲ.

ಕಾರ್ಡಿನ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿ, ಏಕೆಂದರೆ ತೊಂದರೆ ಹುಟ್ಟುವುದೇ ಇಲ್ಲಿ. 2 ಜಿಬಿವರೆಗಿನ ಮಾಮೂಲಿ ಎಸ್‌ಡಿ ಕಾರ್ಡ್ ಎಲ್ಲ ವೀಗಳಲ್ಲೂ ನಡೆಯುತ್ತದೆ. ಅದಕ್ಕಿಂತ ದೊಡ್ಡ ಎಸ್‌ಡಿಎಚ್‌ಸಿ ಕಾರ್ಡ್‌ಗೆ ಕನ್ಸೋಲ್‌ನ ಮೆನು ಕನಿಷ್ಠ 4.0 ಆಗಿರಬೇಕು. ನನ್ನ ಸಲಹೆ 2ರಿಂದ 32 ಜಿಬಿ ಒಳಗೆ ಇರಿ ಅಂತ. ಇನ್ನೂ ದೊಡ್ಡ ಕಾರ್ಡ್‌ಗಳೂ ಕೆಲವೊಮ್ಮೆ ನಡೆಯುತ್ತವೆ, ಆದರೆ ತೊಂದರೆ ಬಂದಾಗ ಕಾರ್ಡೋ ಬೇರೇನೋ ಅಂತ ಹುಡುಕುವುದು ಯಾರಿಗೆ ಬೇಕು? ಮೈಕ್ರೊ ಎಸ್‌ಡಿಯನ್ನು ಅಡಾಪ್ಟರ್‌ನಲ್ಲಿ ಹಾಕಿಯೂ ಬಳಸಬಹುದು. ಮುಂದೆ ಬೂಟ್‌ಮಿ ಹಟ ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಅದೇ ಅಡಾಪ್ಟರ್.

ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕ್ ಗುಂಡಿಯನ್ನು ಬಿಚ್ಚಿದ ಸ್ಥಿತಿಯಲ್ಲಿ ಇಡಿ. ಕಾರ್ಡ್ ಒಳಗೆ ತಳ್ಳುವಾಗ ಅದು ಜಾರಿ ಲಾಕ್ ಆಗುವುದುಂಟು. ಆಗ ವೀ ಕಾರ್ಡನ್ನು ಓದುತ್ತದೆ, ಬರೆಯುವುದಿಲ್ಲ. ಬ್ಯಾಕಪ್ ಹೊತ್ತಿಗೆ ಇದು ಕಾಡುತ್ತದೆ.

## ಹಂತ 3: ಕಾರ್ಡ್ ತಯಾರಿ

ಕಾರ್ಡಿನಲ್ಲಿರುವುದನ್ನೆಲ್ಲ ಬೇರೆಡೆ ನಕಲು ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. 2 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡ್‌ಗೆ ಫ್ಯಾಟ್16 ಆದರೂ ಸರಿ. ಎಕ್ಸ್‌ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್ ಬೇಡವೇ ಬೇಡ. ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ವೀಗೆ ಮಾತ್ರ ಕಾಣುವುದಿಲ್ಲ. 32 ಜಿಬಿಗಿಂತ ದೊಡ್ಡ ಕಾರ್ಡ್ ಆದರೆ ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ ಫ್ಯಾಟ್32 ಆಯ್ಕೆ ಸಿಗುವುದಿಲ್ಲ. ಚಿಕ್ಕ ಕಾರ್ಡ್ ಬಳಸಿ ಅಂದದ್ದಕ್ಕೆ ಇದು ಇನ್ನೊಂದು ಕಾರಣ.

ಅಗ್ಗಕ್ಕೆ ಸಿಕ್ಕ ಕಾರ್ಡ್ ಆಗಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಓಡಿಸಿ ಪರೀಕ್ಷೆ ಮಾಡಿ. ಮೇಲೆ 32 ಜಿಬಿ ಅಂತ ಅಚ್ಚಾಗಿ, ಒಳಗೆ ಅದರ ಕಾಲುಭಾಗವೂ ಇಲ್ಲದ ಕಾರ್ಡ್‌ಗಳು ಇವೆ. ಅವು ಫೈಲನ್ನು ಬರೆದಂತೆ ನಟಿಸುತ್ತವೆ. ಅಂಥ ಕಾರ್ಡಿನಲ್ಲಿ ಬ್ಯಾಕಪ್ ಇಟ್ಟರೆ ಇದ್ದೂ ಇಲ್ಲದ ಹಾಗೆ.

## ಹಂತ 4: ಗಡಿಯಾರ ಮತ್ತು ಮ್ಯಾಕ್ ವಿಳಾಸ

ನಾವು ಬಳಸುವ ದಾರಿಯ ಹೆಸರು ಲೆಟರ್‌ಬಾಂಬ್. ವೀ ಮೆಸೇಜ್ ಬೋರ್ಡ್‌ಗೆ ಒಂದು ಪತ್ರ ಬಂದಂತೆ ಕಾಣುತ್ತದೆ. ಅದನ್ನು ತೆರೆದಾಗ ಬೋರ್ಡಿನಲ್ಲಿರುವ ದೋಷದಿಂದ ನಮ್ಮ ಕಾರ್ಯಕ್ರಮ ಓಡುತ್ತದೆ. ಪತ್ರ ಕಾರ್ಡಿನಲ್ಲೇ ಇರುತ್ತದೆ, ಅಂಚೆ ಗಿಂಚೆ ಏನೂ ಇಲ್ಲ. ಆದರೆ ಅದರ ಮೇಲೆ ತಾರೀಖು ಇರುತ್ತದೆ, ಮತ್ತು ಅದು ನಿಮ್ಮ ಕನ್ಸೋಲ್‌ನ ಮ್ಯಾಕ್ ವಿಳಾಸಕ್ಕೆ (ಪ್ರತಿ ಕನ್ಸೋಲ್‌ಗೂ ಬೇರೆ ಇರುವ ನೆಟ್‌ವರ್ಕ್ ಗುರುತು) ಮಾತ್ರ ಹೊಂದುತ್ತದೆ. ಆದ್ದರಿಂದ ಈ ಎರಡು ಸರಿ ಇರಲೇಬೇಕು.

ಹಳೆಯ ವೀಗಳಲ್ಲಿ ತಾರೀಖು ತಪ್ಪಿರುವುದು ತೀರಾ ಸಾಮಾನ್ಯ. ಒಳಗೆ ಸಿಆರ್2032 ಗುಂಡು ಬ್ಯಾಟರಿ ಇದೆ. ಅದು ಸತ್ತಿದ್ದರೆ ವೈರ್ ಕಿತ್ತಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ವೀ ಸೆಟ್ಟಿಂಗ್ಸ್‌ನ ಕ್ಯಾಲೆಂಡರ್‌ನಲ್ಲಿ ಇವತ್ತಿನ ದಿನ, ತಿಂಗಳು, ಮುಖ್ಯವಾಗಿ ವರ್ಷ ನೋಡಿ ಸರಿಪಡಿಸಿ. ಆಮೇಲೆ ಕೆಲಸ ಮುಗಿಯುವವರೆಗೆ ವೈರ್ ಕೀಳಬೇಡಿ.

ಮ್ಯಾಕ್ ವಿಳಾಸಕ್ಕೆ ವೀ ಸೆಟ್ಟಿಂಗ್ಸ್, ಇಂಟರ್‌ನೆಟ್, ಕನ್ಸೋಲ್ ಇನ್ಫರ್ಮೇಷನ್ ಅಂತ ಹೋಗಿ. ಹನ್ನೆರಡು ಅಂಕಿ-ಅಕ್ಷರ ಇರುತ್ತವೆ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಕೈಯಲ್ಲಿ ಬರೆಯಬೇಡಿ. ಇದರಲ್ಲಿ 0ರಿಂದ 9 ಮತ್ತು ಎ ಇಂದ ಎಫ್ ಮಾತ್ರ ಬರುತ್ತವೆ. ಹಾಗಾಗಿ ದುಂಡಗಿರುವುದು ಸೊನ್ನೆಯೇ, ಇಂಗ್ಲಿಷಿನ ಓ ಅಲ್ಲ. ಮಸುಕು ಟಿವಿಯಲ್ಲಿ 8 ಮತ್ತು ಬಿ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ನೋಡಿ.

## ಹಂತ 5: ಪತ್ರ ತಯಾರಿಸಿ, ತೆರೆಯುವುದು

ಲೆಟರ್‌ಬಾಂಬ್ 4.3 ಆವೃತ್ತಿಗೆ ಮಾತ್ರ. ನಿಮ್ಮದು 3.0ರಿಂದ 4.2ರ ನಡುವೆ ಇದ್ದರೆ ವಿಲ್‌ಬ್ರಾಂಡ್ ಬಳಸಿ. ಅದೂ ಇದೇ ಥರದ ಪತ್ರ ಮಾಡುತ್ತದೆ. ಅದರಲ್ಲಿ ತಾರೀಖನ್ನೂ ಆವೃತ್ತಿಯನ್ನೂ ನೀವೇ ಕೊಡಬೇಕು. ಇದಕ್ಕೋಸ್ಕರ ಮೆನು ಅಪ್‌ಡೇಟ್ ಮಾಡುವ ಅಗತ್ಯವಿಲ್ಲ.

ಲೆಟರ್‌ಬಾಂಬ್ ಪುಟದಲ್ಲಿ ಪ್ರದೇಶದ ಅಕ್ಷರ ಆರಿಸಿ, ಮ್ಯಾಕ್ ವಿಳಾಸ ಹಾಕಿ. ಹ್ಯಾಕ್‌ಮಿ ಇನ್‌ಸ್ಟಾಲರ್ (ಹೋಂಬ್ರೂ ಚಾನೆಲ್ ಮತ್ತು ಬೂಟ್‌ಮಿ ಹಾಕುವ ಕಾರ್ಯಕ್ರಮ) ಜೊತೆಗೆ ಬರಲಿ ಅನ್ನುವ ಗುರುತನ್ನು ಹಾಗೇ ಬಿಡಿ. ಕೊನೆಗೆ ಕೆಂಪು ತಂತಿ ಕತ್ತರಿಸುವುದೋ ನೀಲಿ ತಂತಿಯೋ ಅಂತ ಎರಡು ಗುಂಡಿ ಇರುತ್ತವೆ. ಯಾವುದಾದರೂ ಒತ್ತಿ, ವ್ಯತ್ಯಾಸ ಇಲ್ಲ. ಅದು ಸುಮ್ನೆ ತಮಾಷೆಗೆ.

ಬಂದ ಜಿಪ್ ಬಿಚ್ಚಿ. ಒಳಗಿರುವ "ಪ್ರೈವೇಟ್" ಫೋಲ್ಡರ್ ಮತ್ತು "ಬೂಟ್.ಎಲ್ಫ್" ಫೈಲನ್ನು ಕಾರ್ಡಿನ ಬೇರಿನಲ್ಲೇ, ಅಂದರೆ ಕಾರ್ಡ್ ತೆರೆದ ಕೂಡಲೇ ಕಾಣುವ ಜಾಗದಲ್ಲಿ ಇಡಿ. ಜಿಪ್ ಹೆಸರಿನ ಫೋಲ್ಡರ್ ಸಮೇತ ಎಳೆದು ಹಾಕಿದರೆ ವೀಗೆ ಅದು ಸಿಗುವುದಿಲ್ಲ. ಕಾರ್ಡನ್ನು ಕಂಪ್ಯೂಟರಿನಿಂದ ಇಜೆಕ್ಟ್ ಮಾಡಿಯೇ ತೆಗೆಯಿರಿ.

ವೀಗೆ ಕಾರ್ಡ್ ಹಾಕಿ, ಮೆನುವಿನ ಬಲ ಕೆಳಮೂಲೆಯ ಲಕೋಟೆ ಒತ್ತಿ. ಬಾಂಬ್ ಚಿತ್ರವಿರುವ ಕೆಂಪು ಲಕೋಟೆ ಇವತ್ತಿನ ತಾರೀಖಿನಲ್ಲಿ ಕಾಣದಿದ್ದರೆ ನಿನ್ನೆಗೆ ಹೋಗಿ, ಮೊನ್ನೆಗೂ ಹೋಗಿ. ಟೈಮ್ ಜೋನ್ ವ್ಯತ್ಯಾಸದಿಂದ ಅದು ಹಿಂದಿನ ದಿನದಲ್ಲಿ ಕೂರುವುದು ಮಾಮೂಲು. ಅಲ್ಲೂ ಇಲ್ಲವಾದರೆ ಈ ಕ್ರಮದಲ್ಲಿ ನೋಡಿ: ಕನ್ಸೋಲ್‌ನ ವರ್ಷ, ಫೋಲ್ಡರ್ ಇರುವ ಜಾಗ, ಮ್ಯಾಕ್ ವಿಳಾಸ, ಆಮೇಲೆ ಕಾರ್ಡ್. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದಿತ್ತು ಅಂತ ಗೊತ್ತಾಗುವುದೇ ಇಲ್ಲ.

ಲಕೋಟೆ ಒತ್ತಿದಾಗ ಪರದೆ ನಿಂತುಬಿಟ್ಟರೆ ಹೆದರಬೇಡಿ. ಈವರೆಗೆ ಕನ್ಸೋಲ್‌ಗೆ ಏನೂ ಬರೆದಿಲ್ಲ. ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಪ್ರದೇಶದ ಅಕ್ಷರ ತಪ್ಪಿರಬೇಕು, ಇಲ್ಲವೇ ಬೂಟ್.ಎಲ್ಫ್ ಬೇರಿನಲ್ಲಿ ಇಲ್ಲ.

## ಹಂತ 6: ಹ್ಯಾಕ್‌ಮಿ ಇನ್‌ಸ್ಟಾಲರ್

ಮೊದಲು ಒಂದು ಎಚ್ಚರಿಕೆ ಪರದೆ ಬರುತ್ತದೆ: ಇದಕ್ಕೆ ನೀವು ದುಡ್ಡು ಕೊಟ್ಟಿದ್ದರೆ ಮೋಸ ಹೋಗಿದ್ದೀರಿ ಅಂತ. ನಿಜವೇ. ಇದೆಲ್ಲ ಉಚಿತ. ಸ್ವಲ್ಪ ಕಾದರೆ 1 ಒತ್ತಿ ಅನ್ನುವ ಸಾಲು ಬರುತ್ತದೆ. ಕಾಯದೆ ಪರದೆ ನಿಂತಿದೆ ಅಂದುಕೊಂಡು ಆಫ್ ಮಾಡುವವರು ಇದ್ದಾರೆ.

ಮುಂದಿನ ಪರದೆ ನಿಮ್ಮ ಕನ್ಸೋಲ್‌ನಲ್ಲಿ ಏನೇನು ಹಾಕಬಹುದು ಅಂತ ಹೇಳುತ್ತದೆ. ಇಲ್ಲಿ ಬೂಟ್‌ಮಿ ಸಾಲನ್ನು ಓದಿ ನೆನಪಿಡಿ. ಶುರುವಿನ ವರ್ಷಗಳ ವೀಗಳಲ್ಲಿ ಅದನ್ನು ಬೂಟ್2 ಆಗಿ ಹಾಕಬಹುದು. ಅಂದರೆ ಮೆನುವಿಗಿಂತಲೂ ಮೊದಲು ಅದು ಎದ್ದು ನಿಲ್ಲುತ್ತದೆ. ನಂತರ ತಯಾರಾದವುಗಳಲ್ಲಿ ಐಒಎಸ್ ಆಗಿ ಮಾತ್ರ ಹಾಕಬಹುದು. ಆಗ ಅದನ್ನು ಹೋಂಬ್ರೂ ಚಾನೆಲ್ ಮೂಲಕವೇ ಕರೆಯಬೇಕು. ಫೋನಿನ ಐಒಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ವೀ ಒಳಗಿನ ವ್ಯವಸ್ಥೆಯ ತುಣುಕುಗಳಿಗೆ ಇರುವ ಹೆಸರು ಇದು.

ಮೊದಲು ಹೋಂಬ್ರೂ ಚಾನೆಲ್ ಹಾಕಿ. ಆಮೇಲೆ ಬೂಟ್‌ಮಿ ಪಟ್ಟಿಗೆ ಹೋಗಿ, ಬೂಟ್2 ಆಯ್ಕೆ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಐಒಎಸ್. ಎಸ್‌ಡಿ ಕಾರ್ಡ್ ಸಿದ್ಧಪಡಿಸು ಅನ್ನುವ ಆಯ್ಕೆಯನ್ನೂ ಒತ್ತಿ. ಅದು ಕಾರ್ಡಿನಲ್ಲಿ "ಬೂಟ್‌ಮಿ" ಫೋಲ್ಡರ್ ಮಾಡುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡುವುದು ಕನ್ಸೋಲ್‌ನ ಒಳಗಿನ ಮೆಮೊರಿ. ಕರೆಂಟ್ ನೆಚ್ಚಿಕೊಳ್ಳಲಾಗದ ಹೊತ್ತಿನಲ್ಲಿ ಈ ಹಂತಕ್ಕೆ ಕೈ ಹಾಕಬೇಡಿ.

## ಹಂತ 7: ನ್ಯಾಂಡ್ ಬ್ಯಾಕಪ್

ಬೇರೆ ಏನನ್ನಾದರೂ ಹಾಕುವ ಆಸೆ ಈಗಲೇ ಜಾಸ್ತಿ ಇರುತ್ತದೆ, ಅಲ್ವಾ? ತಡೆಯಿರಿ.

ನ್ಯಾಂಡ್ ಅಂದರೆ ವೀ ಒಳಗಿನ 512 ಎಂಬಿ ಮೆಮೊರಿ. ಮೆನು, ಸೇವ್‌ಗಳು, ಸೆಟ್ಟಿಂಗ್, ಎಲ್ಲ ಅಲ್ಲೇ ಇವೆ. ಕಾರ್ಡಿನಲ್ಲಿ ಕನಿಷ್ಠ 560 ಎಂಬಿ ಜಾಗ ಖಾಲಿ ಇದೆಯಾ ನೋಡಿ. ಹೋಂಬ್ರೂ ಚಾನೆಲ್ ತೆರೆದು, ರಿಮೋಟಿನ ಹೋಮ್ ಒತ್ತಿ, ಬೂಟ್‌ಮಿ ಆರಿಸಿ.

ಇಲ್ಲಿಂದ ಮುಂದೆ ರಿಮೋಟ್ ಕೆಲಸ ಮಾಡುವುದಿಲ್ಲ. ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಕನ್ಸೋಲ್ ಮೇಲಿನ ಪವರ್ ಗುಂಡಿ ಒತ್ತಿದರೆ ಮುಂದಿನ ಚಿತ್ರಕ್ಕೆ ಹೋಗುತ್ತದೆ, ರೀಸೆಟ್ ಒತ್ತಿದರೆ ಆಯ್ಕೆ ಆಗುತ್ತದೆ. ಗೇಮ್‌ಕ್ಯೂಬ್ ಕಂಟ್ರೋಲರ್ ಇದ್ದರೆ ಇನ್ನೂ ಸಲೀಸು. ಹಲ್ಲುಚಕ್ರದ ಚಿತ್ರಕ್ಕೆ ಹೋಗಿ. ಒಳಗೆ ಚಿಪ್‌ನಿಂದ ಕಾರ್ಡಿನ ಕಡೆ ಹಸಿರು ಬಾಣ ಇರುವುದು ಬ್ಯಾಕಪ್. ಕೆಂಪು ಬಾಣದ್ದು ವಾಪಸ್ ಬರೆಯುವುದು. ಅದರ ಹತ್ತಿರ ಹೋಗಬೇಡಿ.

ಬ್ಯಾಕಪ್ ನಡೆಯುವಾಗ ಕೆಲವು ಬ್ಯಾಡ್ ಬ್ಲಾಕ್‌ಗಳು ಕಂಡರೆ ಗಾಬರಿ ಬೇಡ. ಹೊಸ ಚಿಪ್‌ನಲ್ಲೂ ಒಂದಿಷ್ಟು ಇರುತ್ತವೆ. ಮುಗಿದ ಮೇಲೆ ತಾಳೆ ನೋಡುವ ಸುತ್ತು ಇರುತ್ತದೆ. ಬೇಜಾರಾಗಿ ಅದನ್ನು ಬಿಟ್ಟುಬಿಡಬೇಡಿ. ತಾಳೆಯಾಗದ ಬ್ಯಾಕಪ್ ನಂಬಿ ಮುಂದೆ ಹೋಗುವುದು ಬ್ಯಾಕಪ್ ಇಲ್ಲದೆ ಹೋಗುವುದಕ್ಕಿಂತ ಕೆಟ್ಟದ್ದು. ಇಲ್ಲದವನು ಕನಿಷ್ಠ ಹುಷಾರಾಗಿರುತ್ತಾನೆ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ. "ನ್ಯಾಂಡ್.ಬಿನ್" ಮತ್ತು "ಕೀಸ್.ಬಿನ್" ಎರಡೂ ಇರಬೇಕು. ನ್ಯಾಂಡ್.ಬಿನ್‌ನ ಅಳತೆ ಸರಿಯಾಗಿ 55,36,49,152 ಬೈಟ್ ಇರಬೇಕು. ಕಡಿಮೆ ಇದ್ದರೆ ಅದು ಅರೆಬರೆ ಬ್ಯಾಕಪ್. ಬೇರೆ ಕಾರ್ಡ್ ತೆಗೆದುಕೊಂಡು ಮತ್ತೆ ಮಾಡಿ. ಎರಡು ಬೇರೆ ಜಾಗದಲ್ಲಿ ಇಟ್ಟುಕೊಳ್ಳಿ. ಸ್ನೇಹಿತರ ವೀ ಬ್ಯಾಕಪ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಪ್ರತಿ ಕನ್ಸೋಲ್‌ನ ಕೀಲಿಗಳು ಬೇರೆ ಬೇರೆ.

## ಹಂತ 8: ಪ್ರೈಲೋಡರ್

ಬೂಟ್‌ಮಿ ಐಒಎಸ್ ಆಗಿ ಮಾತ್ರ ಇದ್ದರೆ ಒಂದು ಸಿಕ್ಕು ಇದೆ. ಮೆನು ಕೆಟ್ಟರೆ ಹೋಂಬ್ರೂ ಚಾನೆಲ್ ತೆರೆಯಲಾಗುವುದಿಲ್ಲ. ಚಾನೆಲ್ ಇಲ್ಲದೆ ಬೂಟ್‌ಮಿ ಇಲ್ಲ. ಬೂಟ್‌ಮಿ ಇಲ್ಲದೆ ಆ ಬ್ಯಾಕಪ್ ವಾಪಸ್ ಬರೆಯುವ ದಾರಿ ಇಲ್ಲ. ಪ್ರೈಲೋಡರ್ ಈ ಸಿಕ್ಕನ್ನು ಬಿಡಿಸುತ್ತದೆ. ಅದು ಮೆನುವಿಗಿಂತ ಮೊದಲು ಓಡಿ, ಬೇಕೆಂದಾಗ ನೇರವಾಗಿ ಹೋಂಬ್ರೂ ಚಾನೆಲ್‌ಗೆ ಕರೆದೊಯ್ಯುತ್ತದೆ. ಬೂಟ್2 ಇದ್ದವರೂ ಹಾಕಿಕೊಂಡರೆ ನಷ್ಟವಿಲ್ಲ.

ಅದರ ಫೋಲ್ಡರನ್ನು ಕಾರ್ಡಿನ "ಆ್ಯಪ್ಸ್" ಫೋಲ್ಡರ್ ಒಳಗೆ ಇಟ್ಟು, ಹೋಂಬ್ರೂ ಚಾನೆಲ್‌ನಿಂದ ಓಡಿಸಿ, ಪ್ಲಸ್ ಗುಂಡಿ ಒತ್ತಿ ಹಾಕಿ. ಆಮೇಲೆ ಪರೀಕ್ಷಿಸಿ: ಕನ್ಸೋಲ್ ಆಫ್ ಮಾಡಿ, ರೀಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಒತ್ತಿ. ಪ್ರೈಲೋಡರ್ ಪಟ್ಟಿ ಬಂದರೆ ಸರಿ. ಬಾರದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ, ಮತ್ತೆ ಹಾಕಿ.

ಆ ಪಟ್ಟಿಯ ಸಿಸ್ಟಮ್ ಮೆನು ಹ್ಯಾಕ್ಸ್‌ನಲ್ಲಿ ಡಿಸ್ಕ್ ಅಪ್‌ಡೇಟ್ ಮತ್ತು ಆನ್‌ಲೈನ್ ಅಪ್‌ಡೇಟ್ ತಡೆಯುವ ಆಯ್ಕೆಗಳನ್ನು ಆನ್ ಮಾಡಿ, ಉಳಿಸಿ. ಮೆನು ಅಪ್‌ಡೇಟ್ ಆದರೆ ಪ್ರೈಲೋಡರ್ ಅಳಿಸಿಹೋಗುತ್ತದೆ. ಉಳಿದ ಆಯ್ಕೆಗಳನ್ನು ಇದ್ದ ಹಾಗೇ ಬಿಡಿ.

## ಹಂತ 9: ಈಗ ಕಾರ್ಯಕ್ರಮಗಳು

ಪ್ರತಿ ಕಾರ್ಯಕ್ರಮಕ್ಕೆ ಆ್ಯಪ್ಸ್ ಒಳಗೆ ಒಂದು ಫೋಲ್ಡರ್. ಅದರೊಳಗೆ "ಬೂಟ್.ಡಾಲ್" ಅಥವಾ ಬೂಟ್.ಎಲ್ಫ್, ಜೊತೆಗೆ "ಮೆಟಾ.ಎಕ್ಸ್‌ಎಂಎಲ್" ಮತ್ತು "ಐಕಾನ್.ಪಿಎನ್‌ಜಿ". ಚಾನೆಲ್‌ನಲ್ಲಿ ಗುಳ್ಳೆಗಳು ಮಾತ್ರ ತೇಲುತ್ತಿದ್ದರೆ ವೀಗೆ ಯಾವ ಕಾರ್ಯಕ್ರಮವೂ ಕಂಡಿಲ್ಲ ಅಂತ ಅರ್ಥ. ಜಿಪ್ ಬಿಚ್ಚುವಾಗ ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿರುತ್ತದೆ. ಇಲ್ಲವೇ ಬೂಟ್.ಡಾಲ್ ಫೈಲಿಗೆ ಬೇರೆ ಹೆಸರಿರುತ್ತದೆ. ವಿಂಡೋಸ್ ಕೊನೆಯ ಭಾಗವನ್ನು ಮುಚ್ಚಿಡುವುದರಿಂದ ಹೆಸರು ಬದಲಿಸಲು ಹೋಗಿ ಬೂಟ್.ಡಾಲ್.ಡಾಲ್ ಮಾಡಿದವರೂ ಇದ್ದಾರೆ. ಯುಎಸ್‌ಬಿಯಲ್ಲಿ ಇಟ್ಟಿದ್ದರೆ ರಿಮೋಟಿನ 1 ಒತ್ತಿ ಕಾರ್ಡ್ ಮತ್ತು ಯುಎಸ್‌ಬಿ ನಡುವೆ ಬದಲಿಸಿ.

ಮೆಟಾ.ಎಕ್ಸ್‌ಎಂಎಲ್ ಬರೀ ಹೆಸರು ತೋರಿಸಲು ಇರುವುದು ಅಂತ ಅಳಿಸಬೇಡಿ. ಕಾರ್ಯಕ್ರಮಕ್ಕೆ ಹಾರ್ಡ್‌ವೇರ್ ಮುಟ್ಟುವ ಅನುಮತಿಯನ್ನು ಚಾನೆಲ್ ಅದರಲ್ಲೇ ಓದುತ್ತದೆ. ಅದು ಹೋದರೆ ಕೆಲವು ಕಾರ್ಯಕ್ರಮಗಳು ಕಾರಣ ಹೇಳದೆ ಕೈ ಎತ್ತುತ್ತವೆ.

ಶುರುವಿಗೆ ಸೇವ್‌ಗೇಮ್ ಮ್ಯಾನೇಜರ್ ಜಿಎಕ್ಸ್ ಹಾಕಿ, ಸೇವ್‌ಗಳನ್ನು ಕಾರ್ಡಿಗೆ ತೆಗೆದಿಡಿ. ಹಳೆಯ ಸಾಹಸ ಆಟಗಳಿಗೆ ಸ್ಕಮ್‌ವಿಎಂ, ವಿಡಿಯೊಗೆ ವೀಎಂಸಿ ಚೆನ್ನಾಗಿವೆ. ವೀಯಿಂದ 480ಪಿಗಿಂತ ಜಾಸ್ತಿ ಹೊರಬರುವುದಿಲ್ಲ, ಒಳಗಿನ ಪ್ರೊಸೆಸರ್ 729 ಮೆಗಾಹರ್ಟ್ಸ್. ಎಚ್‌ಡಿ ಸಿನಿಮಾ ತಡವರಿಸಿದರೆ ಅದು ನೀವು ಮಾಡಿದ ತಪ್ಪಲ್ಲ. ನಿಮ್ಮದೇ ಕೋಡ್ ಓಡಿಸುವವರು ಪ್ರತಿ ಸಲ ಕಾರ್ಡ್ ಕಿತ್ತು ಹಾಕುವುದು ಬೇಡ. ಚಾನೆಲ್ ತೆರೆದಿಟ್ಟು, ವೀಲೋಡ್‌ನಿಂದ ಮನೆಯ ನೆಟ್‌ವರ್ಕ್ ಮೂಲಕ ಕಳಿಸಬಹುದು.

ಹಳೆಯ ಸೂಚನೆಗಳು ಸಿಐಒಎಸ್ (ತಿದ್ದಿದ ಐಒಎಸ್) ಮೊದಲು ಹಾಕಿ ಅನ್ನುತ್ತವೆ. ಇಲ್ಲಿ ಹೇಳಿದ ಯಾವುದಕ್ಕೂ ಅದು ಬೇಡ. ಬೇಡದ್ದನ್ನು ನ್ಯಾಂಡ್‌ಗೆ ಬರೆಯದಿರುವುದೇ ವಾಸಿ.

## ನಿಲ್ಲಿಸಬೇಕಾದ ಲಕ್ಷಣಗಳು

ಕಾರ್ಯಕ್ರಮ ಓಡಿಸಿದಾಗ ಪರದೆ ತುಂಬ ಅಂಕಿ-ಅಕ್ಷರ ಸುರಿದು, ಡಿಎಸ್‌ಐ ಎಕ್ಸೆಪ್ಷನ್ ಅಂತ ಬಂದರೆ ನೋಡಲು ಭಯವಾಗುತ್ತದೆ, ಆದರೆ ಸಾಮಾನ್ಯವಾಗಿ ಆ ಕಾರ್ಯಕ್ರಮ ಮಾತ್ರ ಬಿದ್ದಿರುತ್ತದೆ. ಆಫ್ ಮಾಡಿ ಆನ್ ಮಾಡಿ. ಒಂದೇ ಕಡೆ ಪದೇ ಪದೇ ಬಿದ್ದರೆ ಕಾರ್ಡ್ ಬದಲಿಸಿ ನೋಡಿ.

ನಿಜವಾಗಿ ಕೈ ಹಿಂತೆಗೆಯಬೇಕಾದದ್ದು ಬೇರೆ. ಒಂದು ಕಾರ್ಯಕ್ರಮ ಐಒಎಸ್ ಅಳಿಸಲೇ, ಸಿಸ್ಟಮ್ ಮೆನು ಬದಲಿಸಲೇ, ಪ್ರದೇಶ ಬದಲಿಸಲೇ ಅಂತ ಕೇಳಿದರೆ ಬೇಡ ಅನ್ನಿ. ಥೀಮ್‌ಗಳು ಮೆನು ಫೈಲನ್ನೇ ತಿದ್ದುತ್ತವೆ. ಬೇರೆ ಆವೃತ್ತಿಗೆ ಮಾಡಿದ ಥೀಮ್ ಹಾಕಿದರೆ ಮೆನು ಏಳುವುದಿಲ್ಲ. ಎಲ್ಲಿಂದಲೋ ಸಿಕ್ಕ ಚಾನೆಲ್ ಫೈಲಿನ ಬ್ಯಾನರ್ ಕೆಟ್ಟಿದ್ದರೂ ಅದೇ ಗತಿ.

ಮೆನು ಏಳದಿದ್ದರೆ ಏನನ್ನೂ ಹೊಸದಾಗಿ ಹಾಕಲು ಹೋಗಬೇಡಿ. ರೀಸೆಟ್ ಹಿಡಿದು ಪ್ರೈಲೋಡರ್‌ಗೆ ಬನ್ನಿ. ಅಲ್ಲಿಂದ ಹೋಂಬ್ರೂ ಚಾನೆಲ್‌ಗೆ ಹೋಗಿ, ಕೊನೆಗೆ ಹಾಕಿದ್ದನ್ನು ಅದರದೇ ಇನ್‌ಸ್ಟಾಲರ್‌ನಿಂದ ತೆಗೆದು ನೋಡಿ. ಅದರಿಂದಲೂ ಆಗದಿದ್ದರೆ ಮಾತ್ರ ಬೂಟ್‌ಮಿಯ ಕೆಂಪು ಬಾಣ. ವಾಪಸ್ ಬರೆಯುವಾಗ ಕಾರ್ಡಿನಲ್ಲಿ ಅಳತೆ ನೋಡಿಟ್ಟ ಅದೇ ನ್ಯಾಂಡ್.ಬಿನ್ ಇರಲಿ. ಬ್ಯಾಕಪ್ ಸರಿ ಇದೆಯಾ ಅಂತ ಪರೀಕ್ಷಿಸಲು, ಚೆನ್ನಾಗಿ ಓಡುತ್ತಿರುವ ಕನ್ಸೋಲ್ ಮೇಲೆ ಅದನ್ನು ಬರೆದು ನೋಡುವ ಸಾಹಸ ಮಾತ್ರ ಬೇಡ.